ವಿಟ್ಲದ ಬಸ್ಸಿನಲ್ಲಿ ಬೀಡಿ ಕಟ್ಟಿದ ಕೈ

ಕಡಲು ನೋಡಿ ಸಾಕಾಗಿತ್ತು. ಜಿಲ್ಲೆಯ ಒಳಗಿನ ಸಣ್ಣ ಪೇಟೆಗಳನ್ನಾದರೂ ನೋಡೋಣವೆಂದು ಮಂಗಳೂರಿನಲ್ಲಿ ವಿಟ್ಲದ ಬಸ್ಸು ಹತ್ತಿದೆ. ಪಡೀಲ್ ದಾಟುವಷ್ಟರಲ್ಲಿ ಪಕ್ಕದ ಸೀಟಿನ ವಯಸ್ಸಾದ ಹೆಂಗಸಿನ ಕೈ ಕಣ್ಣಿಗೆ ಬಿತ್ತು. ಬಸ್ ಟಿಕೆಟನ್ನು ಅವರು ಬೀಡಿಯ ಹಾಗೆ ಸುತ್ತಿ, ಉಗುರಿನಿಂದ ತುದಿ ಮಡಚಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದರು. ಕಣ್ಣು ಮಾತ್ರ ಕಿಟಕಿಯ ಹೊರಗಿತ್ತು.

ನಾನು ನೋಡುತ್ತಿರುವುದು ತಿಳಿದು ನಾಚಿಕೊಂಡರು. "ನಲವತ್ತು ವರ್ಷ ಬೀಡಿ ಕಟ್ಟಿದ್ದು. ಈಗ ನಮ್ಮಲ್ಲಿ ಕಟ್ಲಿಕ್ಕೆ ಎಲೆ ಕೊಡುವವರೇ ಇಲ್ಲ. ಕೈಗೆ ಅದು ಗೊತ್ತಾಗುವುದಿಲ್ಲ ಮಾರಾಯ್ರೆ."

"ಮಂಗಳೂರಲ್ಲಿ ಏನು ಕೆಲಸವಿತ್ತಮ್ಮಾ?"

"ಬೆರಳು ಕೊಡ್ಲಿಕ್ಕೆ. ಹೆಬ್ಬೆಟ್ಟು ಒತ್ತದೆ ರೇಷನ್ ಅಕ್ಕಿ ಇಲ್ಲ. ಊರಿನ ಮೆಷಿನ್ ತಗೊಳ್ಳಲಿಲ್ಲ. ಮಂಗಳೂರಿನ ಕಚೇರಿಯದ್ದೂ ತಗೊಳ್ಳಲಿಲ್ಲ."

ಕೈ ಚಾಚಿ ತೋರಿಸಿದರು. ಹೆಬ್ಬೆರಳಿನ ಗೆರೆಗಳೆಲ್ಲ ಎಲೆಗೆ ಸವೆದು, ತೊಳೆದಿಟ್ಟ ಹುಣಸೆ ಬೀಜದಷ್ಟು ನುಣುಪಾಗಿತ್ತು.

"ಅಲ್ಲಿದ್ದವರಿಗೆ ಹೇಳಬಹುದಿತ್ತಲ್ಲ?" ಎಂದುಬಿಟ್ಟೆ. ಎಂಥ ಪೆದ್ದು ಪ್ರಶ್ನೆ!

"ಹೇಳಿದೆ. ನಾನೇ ಅಂತ ಹೇಳಿದೆ. ಮೆಷಿನ್ ಅಲ್ಲ ಅಂತ ಹೇಳ್ತದೆ."

ಬಸ್ಸು ಯಾವ್ಯಾವುದೋ ಪೇಟೆಗಳಲ್ಲಿ ನಿಂತು ಹೊರಟಿತು. ನೋಡಲೆಂದೇ ಬಂದ ನಾನು ಒಂದನ್ನೂ ನೋಡಲಿಲ್ಲ. ಸುತ್ತಿ ಸುತ್ತಿ ಟಿಕೆಟ್ ಹರಿದಾಗ, ಅವರು ಪರ್ಸಿನಿಂದ ಕಚೇರಿಯವರು ಕೊಟ್ಟ ಚೀಟಿ ತೆಗೆದರು. ಮುಂದಿನ ವಾರ ಇದನ್ನು ಹಿಡಿದುಕೊಂಡು ಬರಬೇಕೆಂದು ಅದರಲ್ಲಿ ಬರೆದಿತ್ತು. ಅದನ್ನೂ ಸುತ್ತತೊಡಗಿದರು.

"ಅಯ್ಯೋ, ಅದು ಬೇಕಲ್ಲಮ್ಮಾ ನಿಮಗೆ!"

"ಎಂತಕ್ಕೆ? ಮುಂದಿನ ವಾರವೂ ಇದೇ ಬೆರಳಲ್ವಾ?"