ನನ್ನ ಹೆಸರಿಗಿದ್ದ ರಿಯಾಯಿತಿ

ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನಾನು ಮೂವತ್ತೆರಡು ವರ್ಷ ಮಾಡಿದ ಕೆಲಸದಲ್ಲಿ ಅರ್ಧದಷ್ಟು ಪೆನ್ಸಿಲ್ಲಿನದು. ಸಾಹೇಬರು ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಸಣ್ಣದೊಂದು ಗುರುತು ಹಾಕಿ ಫೈಲನ್ನು ಒಳಗೆ ಕಳಿಸಬೇಕು. ಅವರು ಓದುತ್ತಿರಲಿಲ್ಲ, ಗುರುತು ನೋಡಿ ಸಹಿ ಹಾಕುತ್ತಿದ್ದರು. ಅನುಮಾನ ಬಂದರೆ ಮಾತ್ರ ಸಹಿಯ ಬದಲು ‘ಪ್ಲೀಸ್ ಡಿಸ್ಕಸ್’ ಎಂದು ಗೀಚಿ ಹಿಂದಕ್ಕೆ ಕಳಿಸುತ್ತಿದ್ದರು. ಅಂದರೆ ಬಂದು ನನ್ನೆದುರು ನಿಂತು ವಿವರಿಸು, ಆಮೇಲೆ ನೋಡೋಣ ಎಂದು. ನನ್ನ ಫೈಲು ಹಾಗೆ ಹಿಂದಕ್ಕೆ ಬಂದದ್ದು ಅಪರೂಪ. ನನ್ನ ಗುರುತನ್ನು ನಂಬಿ ಯಾರೂ ಕೆಟ್ಟಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ.

ನನ್ನ ಗಂಡ ಇನ್ನೊಂದು ಇಲಾಖೆಯ ಅಕೌಂಟ್ಸಿನಲ್ಲಿದ್ದವರು. ಹಾಗಾಗಿ ಮನೆಯಲ್ಲೂ ಅದೇ ಪದ್ಧತಿ. ವಿಮೆಯೋ ಬ್ಯಾಂಕೋ ಗ್ಯಾಸೋ, ಯಾವ ಕಾಗದವಾದರೂ ಅವರು ಪೆನ್ಸಿಲ್ ಗುರುತು ಹಾಕಿ ಊಟದ ಮೇಜಿನ ಮೇಲೆ ಇಡುವರು. ನಾನು ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕುವೆ. ಓದುವುದೆಂದರೆ ಅವರನ್ನು ನಂಬಲಿಲ್ಲ ಎಂದಾಗುತ್ತದಲ್ಲ.

ದಿಲ್ಲಿಯ ಮಯೂರ್ ವಿಹಾರ್‌ನಲ್ಲಿ ನಾವಿರುವ ಸೊಸೈಟಿಯ ಮನೆ ಅವರ ಹೆಸರಿನದು. ಎರಡು ರಸ್ತೆ ಆಚೆ, ಸರ್ಕಾರ ಕಟ್ಟಿಸಿದ ಹಳೆಯ ಫ್ಲ್ಯಾಟುಗಳಲ್ಲಿ, ಬಾಡಿಗೆಗೆ ಕೊಟ್ಟಿದ್ದ ಒಂದು ಕೋಣೆಯ ಮನೆ ನನ್ನ ಹೆಸರಿನಲ್ಲಿತ್ತು. ನನ್ನ ಮೇಲಿನ ಪ್ರೀತಿಗೆ ಮಾಡಿದ್ದಲ್ಲ. ಹೆಂಗಸರ ಹೆಸರಿಗೆ ಕೊಂಡರೆ ನೋಂದಣಿಗೆ ಖರ್ಚು ಕಡಿಮೆ, ಪ್ರತಿವರ್ಷದ ಮನೆ ಕಂದಾಯದಲ್ಲೂ ರಿಯಾಯಿತಿ. ದಿಲ್ಲಿಗೆ ಬಂದ ನಮ್ಮ ಕನ್ನಡದ ಸಂಸಾರಗಳಲ್ಲಿ ಎಷ್ಟೋ ಹೆಂಗಸರು ಮನೆಯೊಡತಿಯರಾದದ್ದು ಈ ಲೆಕ್ಕದಲ್ಲೇ. ಆದರೆ ಕೊಟ್ಟ ದುಡ್ಡಿನಲ್ಲಿ ಅರ್ಧ ನನ್ನ ಪ್ರಾವಿಡೆಂಟ್ ಫಂಡಿನದು. ಜೂನ್ ಮುಗಿಯುವುದರೊಳಗೆ ಕಟ್ಟಿದರೆ ಕಂದಾಯದಲ್ಲಿ ಇನ್ನಷ್ಟು ಬಿಡುತ್ತಾರೆಂದು ಆ ಸುಡುಬಿಸಿಲಲ್ಲಿ ಕ್ಯೂ ನಿಂತು ನಾನೇ ಕಟ್ಟಿ ಬರುತ್ತಿದ್ದೆ. ಕರೆಂಟು, ನೀರು, ಫೋನು, ಎಲ್ಲ ಬಿಲ್ಲಿನ ಮೇಲೂ ಅವರ ಹೆಸರು. ಈ ಕಂದಾಯದ ರಸೀತಿಯೊಂದರ ಮೇಲೆ ಮಾತ್ರ ನನ್ನದು. ಅಷ್ಟೂ ರಸೀತಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ.

ಆ ಮನೆಯ ಮೇಲೆ ನನಗೊಂದು ಆಸೆಯಿತ್ತು, ಯಾರಿಗೂ ಹೇಳಿರಲಿಲ್ಲ. ನಿವೃತ್ತಿಯಾದ ಮೇಲೆ ಬಾಡಿಗೆಯವರನ್ನು ಬಿಡಿಸಬೇಕು. ಆಫೀಸಿನ ಹೊತ್ತಿಗೇ, ಹತ್ತರಿಂದ ಐದರವರೆಗೆ, ಅಲ್ಲಿ ಹೋಗಿ ಕೂರಬೇಕು. ಯಾರಿಗೂ ಚಹಾ ಮಾಡಬಾರದು. ಪೇಪರ್ ಓದಬೇಕು, ನಿದ್ದೆ ಬಂದರೆ ಮಲಗಬೇಕು, ಬೀಗದ ಕೈ ನನ್ನ ಚೀಲದಲ್ಲೇ ಇರಬೇಕು. ನಗುವವರು ನಗಲಿ.

ನಿವೃತ್ತಿಯಾದ ವರ್ಷ ಅವರೊಂದು ಕಾಗದ ತಂದರು. “ನೋಡೇ, ಪ್ರತಿ ವರ್ಷ ನೀನು ಬಿಸಿಲಲ್ಲಿ ಸಾಯೋದು ಬೇಡ. ಕಂದಾಯ, ರಿಪೇರಿ ಎಲ್ಲ ನಾನೇ ನೋಡ್ಕೋತೀನಿ. ನಿನ್ನ ಪರವಾಗಿ ನಾನೇ ಸಹಿ ಹಾಕೋ ಹಾಗೆ ಒಂದು ಮುಖ್ತ್ಯಾರುನಾಮೆ ಮಾಡಿಸಿಬಿಡೋಣ,” ಎಂದರು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಆಟೋದಲ್ಲಿ ಕರೆದುಕೊಂಡು ಹೋದರು. ಅಲ್ಲಿದ್ದವನು ತಲೆಯೆತ್ತದೆ, “ಅಪ್ನೀ ಮರ್ಜೀ ಸೇ?”, ಸ್ವಂತ ಇಷ್ಟದಿಂದಲೇ ಮಾಡುತ್ತಿದ್ದೀರಾ ಎಂದು ಕೇಳಿದ. “ಹಾಂ ಜೀ” ಎಂದೆ. ಪುಟಪುಟಕ್ಕೂ ಅವರ ಪೆನ್ಸಿಲ್ ಗುರುತು ನೀಟಾಗಿತ್ತು. ವಾಪಸು ಬರುವಾಗ ನಿಂಬೆ ಶರಬತ್ತು ಕೊಡಿಸಿದರು. ನನ್ನ ಬಗ್ಗೆ ಎಷ್ಟು ಕಾಳಜಿ ಎಂದು ಸಂತೋಷಪಟ್ಟೆ. ಈಗ ಯಾರು ನಿಂಬೆ ಶರಬತ್ತು ಕೊಟ್ಟರೂ ಬೇಡ ಎನ್ನುತ್ತೇನೆ.

ಈ ವರ್ಷ ಬಾಡಿಗೆಯವರನ್ನು ಬಿಡಿಸೋಣ ಎಂದು ಎರಡು ಸಲ ಹೇಳಿದೆ. ಅವರ ಮಕ್ಕಳ ಪರೀಕ್ಷೆ ಮುಗೀಲಿ ಎಂದರು. ತಿಂಗಳು ತಿಂಗಳು ಬಾಡಿಗೆಯೆಂದು ದುಡ್ಡು ನನ್ನ ಕೈಗೆ ಬರುತ್ತಲೇ ಇತ್ತು. ಜೂನ್ ಕೊನೆಯ ವಾರವಾದರೂ ಕಂದಾಯದ ರಸೀತಿ ಬರಲಿಲ್ಲ. ಮರೆತಿರಬೇಕು, ರಿಯಾಯಿತಿ ಯಾಕೆ ಕಳೆದುಕೊಳ್ಳುವುದೆಂದು ಹಳೆಯ ರಸೀತಿ ಹಿಡಿದು ನಾನೇ ಪಾಲಿಕೆಯ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ಪರದೆ ನೋಡಿದಳು. “ಆಂಟೀಜೀ, ಇದು ಈಗ ಬೇರೆಯವರ ಹೆಸರಲ್ಲಿದೆ. ಅವರು ಟ್ಯಾಕ್ಸ್ ಕಟ್ಟಿಯೂ ಆಗಿದೆ,” ಎಂದು ಹಿಂದಿಯಲ್ಲಿ ಹೇಳಿದಳು. ಕೊಂಡವರ ಹೆಸರನ್ನೂ ಓದಿದಳು. ನಾನು ಕೇಳಿರದ ಹೆಸರು.

ಮನೆಗೆ ಬಂದಾಗ ಅವರು ಟಿವಿಯ ಮುಂದೆ ಇದ್ದರು, ಪಕ್ಕದಲ್ಲಿ ಮಗಳು. ಅವಳು ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಅವತ್ತು ರಜೆ. ರಸೀತಿಯನ್ನು ಮೇಜಿನ ಮೇಲೆ ಇಟ್ಟೆ.

“ಮಾರಿದ್ರಾ?”

ಅವರು ತಡವರಿಸಲೂ ಇಲ್ಲ. “ಆ ಹಳೇ ಡಬ್ಬಾ ಮನೇಲಿ ಏನಿತ್ತೇ? ಗೋಡೆ ಸೋರೋದು, ಕಂದಾಯ ಕಟ್ಟೋದು. ರೀಟ್‌ನಲ್ಲಿ ಹಾಕಿದೀನಿ. ದೊಡ್ಡ ದೊಡ್ಡ ಆಫೀಸ್ ಕಟ್ಟಡಗಳನ್ನ ಒಂದು ಟ್ರಸ್ಟ್‌ನಲ್ಲಿಟ್ಟು ಯೂನಿಟ್ ಮಾಡಿ ಷೇರಿನ ಹಾಗೆ ಮಾರ್ತಾರೆ. ಬಾಡಿಗೆ ಹಂಚ್ತಾರೆ. ನಿನಗೆ ಕೊಡ್ತಿದ್ದದ್ದು ಅದರದ್ದೇ. ಕಂದಾಯದ ಕಾಟಾನೇ ಇಲ್ಲ.”

“ಯಾರ ಹೆಸರಲ್ಲಿ?”

“ನಿನಗೆಲ್ಲಿದೆ ಡಿಮ್ಯಾಟ್ ಖಾತೆ? ನನ್ನ ಹೆಸರಲ್ಲಿ. ಒಂದೇ ಮನೆ ಅಲ್ವೇನೇ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಒಪ್ತಿದ್ಯಾ?”

“ಇಲ್ಲ.”

“ಅದಕ್ಕೇ ಹೇಳಲಿಲ್ಲ.”

ಮಗಳು ಫೋನಿನಿಂದ ತಲೆಯೆತ್ತಿ ತನ್ನ ಅರ್ಧ ಹಿಂದಿಯ ಕನ್ನಡದಲ್ಲಿ ಹೇಳಿದಳು. “ಅಮ್ಮಾ, ಟೆನ್ಶನ್ ಮತ್ ಲೋ. ಸೇಫ್ ಇದೆ. ಯೂನಿಟ್ಸ್ ನಾನೇ ತಗೊಂಡ್ ಕೊಟ್ಟೆ, ಪಪ್ಪಾಗೆ ಆ್ಯಪ್ ಬರಲ್ಲ ನಾ.”

ಅವಳಿಗೂ ಗೊತ್ತಿತ್ತು. ಅದು ನನ್ನನ್ನು ಇನ್ನೂ ಆಳಕ್ಕೆ ಇರಿಯಿತು. ಇಷ್ಟು ತಿಂಗಳು ಇಬ್ಬರೂ ನನ್ನ ಕೈಯಿಂದ ದೋಸೆ ಹಾಕಿಸಿಕೊಂಡು ತಿಂದಿದ್ದರು.

“ಆ ಕಟ್ಟಡಗಳಿಗೆ ಕಂದಾಯ ಇಲ್ವೇನೇ?” ಎಂದು ಅವಳನ್ನೇ ಕೇಳಿದೆ.

“ಇರತ್ತೆ ಅಮ್ಮಾ, ಆಫ್‌ಕೋರ್ಸ್. ಅವ್ರು ಮೊದ್ಲೇ ಕಟ್ಟಿ, ಬಾಕಿ ನಮಗೆ ಕೊಡ್ತಾರೆ. ಟ್ಯಾಕ್ಸ್ ಜಾಸ್ತಿ ಹೋ ಗಯಾ ಅಂದ್ರೆ ನಮಗೆ ಥೋಡಾ ಕಮ್ಮಿ ಬರಬಹುದು.”

“ಅದರಲ್ಲಿ ಹೆಂಗಸರ ರಿಯಾಯಿತಿ ಇದೆಯಾ?”

“ಅಮ್ಮಾ, ಪ್ಲೀಸ್.”

ಕಾಟವೇ ಇಲ್ಲ ಎಂದವರು ಟಿವಿಯ ದನಿ ಹೆಚ್ಚಿಸಿದರು. ನಾನು ಒಳಗೆ ಹೋಗಿ ಡಬ್ಬಿಯ ರಸೀತಿಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಅತ್ತೆ. ಮನೆ ಹೋಯಿತೆಂದೇ ಅತ್ತದ್ದಲ್ಲ. ಮೂವತ್ತೆರಡು ವರ್ಷ ನಾನು ಯಾವ ಪೆನ್ಸಿಲ್ ಗುರುತನ್ನು ಪ್ರಾಮಾಣಿಕವಾಗಿ ಹಾಕಿದ್ದೆನೋ ಅದನ್ನೇ ಹಿಡಿದು ನನ್ನನ್ನು ಕೆಡವಿದ್ದರು. ಓದದೆ ಸಹಿ ಹಾಕಿದ ಮುಖ್ತ್ಯಾರುನಾಮೆಯಲ್ಲಿ ಮನೆ ಮಾರುವ ಅಧಿಕಾರವೂ ಸೇರಿತ್ತು. ಸರಿಯಾಗಿ ಮೋಸ ಹೋಗಿದ್ದೆ.

ಅಡುಗೆ ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದೆ. ಎರಡು ವಾರದ ಮೇಲೆ ಅವರು ಆಡಿಟರ್ ಕಳಿಸಿದ ಕಾಗದವೊಂದನ್ನು ತಂದು ಮೇಜಿನ ಮೇಲಿಟ್ಟರು. ಕಾಗದದಲ್ಲಿ ಮನೆ ಮಾರಿದ ಲಾಭದ ಮೇಲಿನ ಆದಾಯ ತೆರಿಗೆಯ ಲೆಕ್ಕವಿತ್ತು. ಆ ತೆರಿಗೆ ಮಾರಿದವರ ಹೆಸರಿಗೇ ಬರುತ್ತದೆ. ದಾಖಲೆಯ ಪ್ರಕಾರ ಮಾರಿದವಳು ನಾನು. ರಿಯಾಯಿತಿಗೆ ನನ್ನ ಹೆಸರು, ತೆರಿಗೆಗೆ ನನ್ನ ಹೆಸರು, ಯೂನಿಟ್ಟುಗಳಿಗೆ ಮಾತ್ರ ಅವರದು. ಕೆಳಗೆ ಬಲಗಡೆ, ಯಥಾಪ್ರಕಾರ, ಸಣ್ಣ ಪೆನ್ಸಿಲ್ ಗುರುತು.

“ಬೇಗ ಒಂದು ಸಹಿ ಹಾಕಿಬಿಡೇ,” ಎಂದರು.

ಒಲೆ ಆರಿಸಿದೆ. ಕನ್ನಡಕ ತಂದು, ಕುರ್ಚಿ ಎಳೆದು ಕೂತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ರಬ್ಬರು ತೆಗೆದುಕೊಂಡು ಗುರುತನ್ನು ಉಜ್ಜಿ ಅಳಿಸಿದೆ. ಆ ಜಾಗದಲ್ಲಿ ಪೆನ್ನಿನಿಂದ ‘ಪ್ಲೀಸ್ ಡಿಸ್ಕಸ್’ ಎಂದು ಬರೆದು ಕಾಗದವನ್ನು ಅವರ ಕಡೆಗೆ ಸರಿಸಿದೆ.

ಅದರ ಅರ್ಥವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಈಗ ಡಿಸ್ಕಸ್ ಮಾಡೋಕೆ ಏನುಳಿದಿದೆ? ಎಲ್ಲ ಮುಗಿದಿದೆಯಲ್ಲ,” ಎಂದರು.

“ನಿಮ್ಮ ಪಾಲಿಗೆ ಮುಗಿದಿದೆ ರೀ. ಸಹಿ ಇನ್ನೂ ನನ್ನದೇ.”

ಕಾಗದ ಹಿಡಿದುಕೊಂಡು ಅವರು ಮೇಜಿನ ಆಚೆ ನಿಂತೇ ಇದ್ದರು. ಕೂತ್ಕೊಳ್ಳಿ ಎಂದು ನಾನು ಹೇಳಲಿಲ್ಲ.