ಪ್ರಾರ್ಥನೆಗೆ ಅರ್ಧ ಹಾಜರಿ

ನನ್ನ ಮಾವ ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ತಡವಾಗಿ ಬಂದವರಿಗೆ ಅರ್ಧ ಹಾಜರಿ ಹಾಕಿ ಕೂಲಿ ಮುರಿಯುವುದು ಅವರ ಕೆಲಸ. ನಿವೃತ್ತರಾದ ಮೇಲೆ ಆ ಚಟವನ್ನು ಮನೆಯ ಬೆಳಗಿನ ಪ್ರಾರ್ಥನೆಗೆ ತಂದರು.

ಅವರ ಭಕ್ತಿಗೆ ಬಿಸಿನೀರು ಬೇಕು. ಮುಖ ತೊಳೆದು, ಬೆಲ್ಲದ ಕಾಫಿ ಕುಡಿದ ಮೇಲೆಯೇ ಸತ್ಯವೇದ ತೆರೆಯುವುದು. ಆ ನೀರಿಗೆ ಒಲೆ ಹಚ್ಚಲು, ಹಸಿ ಸೌದೆಯ ಹೊಗೆ ಕುಡಿಯುತ್ತ, ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ನಾನು. ಕಾಫಿ ಕೊಟ್ಟು, ಗಂಡನನ್ನು ಎಬ್ಬಿಸಿ, ತಿಂಡಿಗೆ ಇಟ್ಟು, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವರು ಆಮೆನ್ ಹೇಳುತ್ತಿದ್ದರು.

"ಇವತ್ತೂ ನಿಂಗೆ ಅರ್ಧ ಹಾಜರಿ ಕಣಮ್ಮ."

ಗಂಡ ಹಲ್ಲು ಕಿರಿಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ಅವರು ಚರ್ಚಿನ ಸಭೆಯಲ್ಲಿ ಎದ್ದು ನಿಂತು ತಮ್ಮ ಭಕ್ತಿಯ ಸಾಕ್ಷಿ ಹೇಳಿದರು. ಬೆಳಗಿನ ಪ್ರಾರ್ಥನೆ ತಮಗೆ ಒಂದು ದಿನವೂ ತಪ್ಪಿಲ್ಲವಂತೆ. ಮನಸ್ಸು ಮಾಡಿದರೆ ಯಾರಿಗಾದರೂ ಸಾಧ್ಯವಂತೆ, ಸೊಸೆಗೆ ಮಾತ್ರ ಇನ್ನೂ ಅಭ್ಯಾಸವಾಗಿಲ್ಲವಂತೆ. ಕೂತಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು.

ಮಾರನೆಯ ದಿನವೂ ನಾನು ಅದೇ ಹೊತ್ತಿಗೆ ಎದ್ದೆ. ಒಲೆಯ ಕಡೆ ತಲೆ ಹಾಕಲಿಲ್ಲ. ಮಾವನ ಕುರ್ಚಿಯಲ್ಲಿ ಕೂತು ಸತ್ಯವೇದ ತೆರೆದು ಕೀರ್ತನೆ ಓದತೊಡಗಿದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ನಿಂತರು.

"ನೀರು ಕಾದಿಲ್ವೇನಮ್ಮ?"

"ಪ್ರಾರ್ಥನೆ ಮಾಡ್ತಾ ಇದೀನಿ ಮಾವ. ನೀವು ಒಲೆ ಹಚ್ಚಿ, ಎಲ್ರಿಗೂ ಕಾಫಿ ಮಾಡಿಟ್ಟು ನಿಧಾನಕ್ಕೆ ಬನ್ನಿ. ಅರ್ಧ ಹಾಜರಿ ಹಾಕ್ತೀನಿ."