ಬದುಕಿದ್ದವನ ಚಿತ್ರ

ನನ್ನ ಅಪ್ಪ ಹರಪನಹಳ್ಳಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಕುಂಚ ಹಿಡಿಯಲು ಕಲಿತದ್ದು ಅವರಿಂದಲೇ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ, ಗಂಡ ಮಿಲಿಟರಿಗೆ ಹೊರಟುಹೋಗಿ ನಾನೂ ಅತ್ತೆಯೂ ಇಬ್ಬರೇ ಉಳಿದಾಗ, ಸಣ್ಣ ಫೋಟೊ ನೋಡಿ ದೊಡ್ಡ ಚಿತ್ರ ಬರೆದುಕೊಡಲು ಶುರುಮಾಡಿದೆ. ಬರುತ್ತಿದ್ದವೆಲ್ಲ ಸತ್ತವರ ಫೋಟೊಗಳೇ. ಬದುಕಿದ್ದವರ ಚಿತ್ರ ಬರೆಸುವ ರೂಢಿ ನಮ್ಮ ಕಡೆ ಇರಲಿಲ್ಲ.

ಎಪ್ಪತ್ತೊಂದರಲ್ಲಿ ಯುದ್ಧ ಶುರುವಾಯಿತು. ಗಂಡ ಯಾವ ಗಡಿಯಲ್ಲಿದ್ದಾರೆಂಬುದೂ ನಮಗೆ ಗೊತ್ತಿರಲಿಲ್ಲ. ಹೋಟೆಲಿನ ರೇಡಿಯೊ ಸುದ್ದಿ ಹೇಳತೊಡಗಿದರೆ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಒಂದು ಬೆಳಿಗ್ಗೆ ಮಗನ ಫೋಟೊ ತಂದು ನನ್ನ ಮುಂದಿಟ್ಟರು.

"ಊರ ಮಂದೀದೆಲ್ಲ ಬರೀತಿ. ನನ್ನ ಮಗಂದೂ ಒಂದು ಬರಿಯವಾ. ಕಣ್ಮುಂದರ ಇರ್ಲಿ."

"ಬಣ್ಣ ತೀರ್‍ಯಾವ್ರಿ ಅತ್ತಿ" ಅಂದೆ. ಅವರು ಯಾರ ಕೈಲೋ ದಾವಣಗೆರೆಯಿಂದ ಬಣ್ಣ ತರಿಸಿದರು. ನನ್ನ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದರೆ ಅದೇ ನಿಜವಾದೀತೆಂದು ಸುಮ್ಮನೆ ಕೂತು ಬರೆದೆ. ಟೋಪಿ, ಗುಂಡಿ, ಭುಜದ ಪಟ್ಟಿ ಬಂದವು. ಹಣೆಗೆ ಬಣ್ಣ ಹಚ್ಚುವಾಗ ಎರಡು ಸಲ ಕುಂಚ ಕೆಳಗಿಟ್ಟೆ.

ಚಿತ್ರ ಒಣಗಲೆಂದು ಪಡಸಾಲೆಯಲ್ಲಿಟ್ಟಿದ್ದೆ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ನಮ್ಮವ್ವಾ, ಯಾವಾಗಾತು?"

ಹಾಗೆಂದವಳೇ ಗೋಡೆಗೆ ಒರಗಿ ಅಳತೊಡಗಿದಳು. "ಹಂಗೇನಿಲ್ಲಕ್ಕಾ, ಅತ್ತಿ ಬರಿ ಅಂದ್ರು, ಬರ್ದೀನಿ" ಅನ್ನುವುದರೊಳಗೆ ಓಣಿಯ ಹೆಂಗಸರು ಬಂದು ತುಂಬಿದರು. ಹಿತ್ತಲಿಂದ ಬಂದ ಅತ್ತೆ ಅಳುವವರನ್ನು ನೋಡಿದರು, ಚಿತ್ರ ನೋಡಿದರು, ನನ್ನ ರಟ್ಟೆ ಹಿಡಿದು ಅಲುಗಿಸಿದರು.

"ನಿನಗ ಗೊತ್ತೈತಿ. ನನಗ ಮುಚ್ಚಿಟ್ಟೀಯಲ್ಲ!"

"ತಾಳಿ ಮುಟ್ಟಿ ಹೇಳ್ತೀನ್ರಿ, ನನಗೇನೂ ಗೊತ್ತಿಲ್ಲ."

ಆಣೆ ಇಟ್ಟ ಮೇಲೆ ಇನ್ನಷ್ಟು ಹೆದರಿದೆ. ಆ ತಾಳಿಯದೇ ಖಾತರಿ ಇರಲಿಲ್ಲವಲ್ಲ.

ಯುದ್ಧ ನಿಂತಿತೆಂದು ರೇಡಿಯೊ ಹೇಳಿತು. ನಮಗೆ ಯಾರೂ ಏನೂ ಹೇಳಲಿಲ್ಲ. ಪೋಸ್ಟಿನವನು ಓಣಿಗೆ ತಿರುಗಿದರೆ ನಾನು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಅತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದರು.

ಬೇಸಿಗೆ ಹತ್ತಿರವಾದಾಗ ಗಂಡ ಕೂಡ್ಲಿಗಿ ಬಸ್ಸಿನಿಂದ ಇಳಿದು, ಕಿವಿಗೆ ಪಟ್ಟಿ ಕಟ್ಟಿಕೊಂಡು ನಡೆದು ಬಂದರು. ಓಣಿಯವರು ದೆವ್ವ ಕಂಡಂತೆ ಸರಿದು ದಾರಿ ಬಿಟ್ಟರು. ಅತ್ತೆ ಅವರ ಮುಖವನ್ನೆಲ್ಲ ಸವರಿ ನೋಡಿದರು. ಗಂಡ ಒಳಗೆ ಬಂದು ಚಿತ್ರ ನೋಡಿ ನಕ್ಕರು.

"ಏನಲೇ, ನನ್ನ ಮೀಸಿ ಹಿಂಗ ಅದಾವೇನು? ತಡಿ, ನಾನ ಕುಂದರ್ತೀನಿ."

ಜೀವಂತ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು ಅದೇ ಮೊದಲು. ಅರ್ಧ ಬರೆದಿದ್ದೆ, ಅಡುಗೆಮನೆಯಲ್ಲಿ ಕೊಡ ಬಿತ್ತು. ನಾನು ತಲೆ ಎತ್ತುವಷ್ಟರಲ್ಲಿ ಅವರು ಮಂಚದ ಕೆಳಗಿದ್ದರು. ಆಮೇಲೆ ಎದ್ದು ಬಂದು ಕೂತರು, ನಗಲಿಲ್ಲ. ನಾನು ಆ ಕಣ್ಣುಗಳನ್ನೇ ಬರೆದೆ.

"ಇವು ನನ್ನ ಮಗನ ಕಣ್ಣಲ್ಲ" ಅಂದರು ಅತ್ತೆ.

ಗಂಡ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ನಾನ ಯವ್ವಾ ಅದು."

ರಜೆ ಮುಗಿದು ಅವರು ಹೊರಟ ದಿನ ಅತ್ತೆ ಆ ಹೊಸ ಚಿತ್ರವನ್ನೇ ತಮ್ಮ ಹಾಸಿಗೆಯ ಪಕ್ಕ ಇಟ್ಟುಕೊಂಡರು. ನಾನು ಫೋಟೊ ನೋಡಿ ಬರೆಯುವುದನ್ನು ಬಿಟ್ಟೆ. ಕೇಳಿಕೊಂಡು ಬಂದವರಿಗೆಲ್ಲ "ಬದುಕಿದ್ದಾಗ ಬಂದು ಕುಂದರ್ರಿ" ಎನ್ನುತ್ತಿದ್ದೆ. ಜನ ಹೆದರಿ ದೂರವಾದರು. ಗಂಡ ಪಿಂಚಣಿ ಪಡೆದು ಮನೆಗೆ ಬರುವ ಹೊತ್ತಿಗೆ ನನ್ನೆದುರು ಬಂದು ಕೂತವರು ಒಬ್ಬರೇ, ಅತ್ತೆ. ಅಲುಗದೆ ಕೂತು, "ಕಣ್ಣು ಇದ್ದಂಗ ಬರಿಯವಾ" ಅಂದಿದ್ದರು.